ಮಕ್ಕಳೊಂದಿಗೆ ಕಡಲೂರಿನಲ್ಲಿ ನಾಲ್ಕು ದಿನ: ಮೈಸೂರು, ಮಂಡ್ಯದ ಕುಟುಂಬಗಳಿಗೊಂದು ಮಾರ್ಗದರ್ಶಿ

ದಸರಾ ರಜೆ ಸಮೀಪಿಸುತ್ತಿದ್ದಂತೆ ಮೈಸೂರು, ಮಂಡ್ಯ ಕಡೆಯ ಓದುಗರಿಂದ ವರ್ಷವೂ ಬರುವ ಪ್ರಶ್ನೆ ಇದು: ಚಿಕ್ಕ ಮಕ್ಕಳನ್ನು ಕರೆದುಕೊಂಡು ಗದ್ದಲವಿಲ್ಲದ ಒಂದು ಕಡಲೂರಿನಲ್ಲಿ ಮೂರು ನಾಲ್ಕು ದಿನ ಆರಾಮವಾಗಿ ಇದ್ದು ಬರಬೇಕೆಂದಿದ್ದೇವೆ, ಎಲ್ಲಿಗೆ ಹೋಗುವುದು, ಹೇಗೆ ಸಿದ್ಧವಾಗುವುದು? ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು, ಕೆಲಸಗಳನ್ನು ಮಾಡಬೇಕಾದ ಅನುಕ್ರಮದಲ್ಲಿಯೇ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮ ಭಾಗದವರು ಕರಾವಳಿಗೆ ಹೋಗದವರೇನಲ್ಲ; ಹೋಗುವ ರೀತಿ ಬೇರೆ. ಬೆಳಗಿನ ಜಾವ ಟೆಂಪೋ ಟ್ರಾವೆಲರ್ ಹತ್ತಿ ಕುಕ್ಕೆ, ಧರ್ಮಸ್ಥಳ, ಉಡುಪಿ, ಕೊಲ್ಲೂರು, ಮುರ್ಡೇಶ್ವರಗಳನ್ನು ಮೂರು ದಿನಗಳಲ್ಲಿ ಮುಗಿಸಿ, ನಡುವೆ ಸಿಕ್ಕ ಅರ್ಧ ಗಂಟೆಯಲ್ಲಿ ಪ್ಯಾಂಟು ಮಡಚಿಕೊಂಡು ಅಲೆಗೆ ಕಾಲೊಡ್ಡಿ ಬರುವುದು ನಮ್ಮ ಅಭ್ಯಾಸ. ಕ್ಷೇತ್ರದರ್ಶನಕ್ಕೆ ಅದು ಸರಿ. ಮಕ್ಕಳ ರಜೆಗೆ ಸರಿಯಲ್ಲ, ಏಕೆಂದರೆ ಆ ಮೂರು ದಿನಗಳಲ್ಲಿ ಮಕ್ಕಳು ನಿಜವಾಗಿ ಕಾಣುವುದು ವಾಹನದ ಕಿಟಕಿಯನ್ನು ಮತ್ತು ದರ್ಶನದ ಸಾಲನ್ನು ಮಾತ್ರ. ಆದ್ದರಿಂದ ಮುಂದಿನ ಎಲ್ಲ ಸಲಹೆಗಳಿಗೂ ಆಧಾರವಾದ ಮಾತನ್ನು ಮೊದಲೇ ಹೇಳುತ್ತೇನೆ: ಒಂದೇ ಊರು, ಒಂದೇ ಮನೆ, ಕನಿಷ್ಠ ಮೂರು ರಾತ್ರಿ. ತೀರಿಸಬೇಕಾದ ಹರಕೆಗಳಿದ್ದರೆ ಅವಕ್ಕೆ ಬೇರೆ ಪ್ರವಾಸ ಇಟ್ಟುಕೊಳ್ಳಿ.

1. ತಿಂಗಳನ್ನು ನಿಶ್ಚಯಿಸಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯನ್ನೇ ಬಿಟ್ಟುಬಿಡಿ. ಮಳೆಗಾಲದ ಕಡಲು ದೂರದಿಂದ ನೋಡಲು ಸೊಗಸು, ಆದರೆ ಅದರ ದಡ ಮಕ್ಕಳನ್ನು ಆಡಬಿಡುವಂಥದ್ದಲ್ಲ. ಅಲ್ಲಿಗೆ ಇಳಿಯುವ ಘಾಟಿ ರಸ್ತೆಗಳನ್ನೂ ಆ ತಿಂಗಳುಗಳಲ್ಲಿ ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತದಿಂದ ಮಡಿಕೇರಿ ಮತ್ತು ಸಂಪಾಜೆ ನಡುವಿನ ಸಂಚಾರವೇ ನಿಂತುಹೋಗಿತ್ತು. 2024ರ ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ವಾಹನಗಳನ್ನು ತಡೆಯಬೇಕಾಯಿತು.

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಎಲ್ಲಕ್ಕಿಂತ ಉತ್ತಮ. ದಸರಾ ರಜೆ ಬರುವ ಅಕ್ಟೋಬರ್‌ನಲ್ಲಿ ಸಂಜೆ ಮಳೆ ಸುರಿಯಬಹುದು, ಕಡಲೂ ಪೂರ್ತಿ ತಣಿದಿರುವುದಿಲ್ಲ. ಮೈಸೂರಿನ ಜನಸಂದಣಿಯಿಂದ ತಪ್ಪಿಸಿಕೊಂಡು ಹೋದವರು ಅಲ್ಲಿಯೂ ಜನಸಂದಣಿಯನ್ನೇ ಕಂಡು ಹಿಂದಿರುಗುವುದುಂಟು. ಡಿಸೆಂಬರ್ ತಿಂಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು, ಅದರ ಕೊನೆಯ ವಾರದಲ್ಲಿ ಹೊಸ ವರ್ಷದ ಗುಂಪುಗಳು ತುಂಬಿರುತ್ತವೆ. ಹಾಗಾದರೆ ಶಾಲೆಗೆ ಹೋಗುವ ಮಕ್ಕಳನ್ನು ಕರೆದೊಯ್ಯುವುದು ಯಾವಾಗ? ರಾಜ್ಯೋತ್ಸವ, ಸಂಕ್ರಾಂತಿ, ಗಣರಾಜ್ಯೋತ್ಸವಗಳಲ್ಲಿ ಯಾವುದು ವಾರದ ಕೊನೆಗೆ ಅಂಟಿಕೊಂಡು ಬರುತ್ತದೆಯೋ ನೋಡಿ, ಅದಕ್ಕೆ ಒಂದು ದಿನ ರಜೆ ಸೇರಿಸಿ. ಏಪ್ರಿಲ್, ಮೇ ತಿಂಗಳ ದೊಡ್ಡ ರಜೆಯಲ್ಲಿ ಹೋಗಲೇಬೇಕೆಂದರೆ ಹೋಗಬಹುದು, ಆದರೆ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಮೈಸೂರಿನ ಒಣಹವೆಗೆ ಒಗ್ಗಿದ ಮಕ್ಕಳಿಗೆ ಅಲ್ಲಿನ ಸೆಕೆ, ಅಂದರೆ ಬೆವರು ಆರದ ಜಿಗುಟು ಬಿಸಿ, ಮೊದಲ ಎರಡು ದಿನ ಬಹಳ ಕಿರಿಕಿರಿ ಮಾಡುತ್ತದೆ.

ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳನ್ನೂ ನೋಡಿಕೊಳ್ಳಿ. ಆ ದಿನಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು ಮೇಲಕ್ಕೆ ಬರುತ್ತದೆ, ಇಳಿತ ಹೆಚ್ಚು ಕೆಳಕ್ಕೆ ಹೋಗುತ್ತದೆ. ಉಬ್ಬರವೆಂದರೆ ಕಡಲ ನೀರು ಏರುವುದು, ಇಳಿತವೆಂದರೆ ಅದು ಹಿಂದೆ ಸರಿಯುವುದು. ದಿನಕ್ಕೆ ಎರಡು ಬಾರಿ ಹೀಗಾಗುತ್ತದೆ ಮತ್ತು ಪ್ರತಿದಿನ ಅದರ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಚಿಕ್ಕ ಮಕ್ಕಳಿದ್ದರೆ ಈ ಎರಡು ತಿಥಿಗಳ ನಡುವಿನ ದಿನಗಳು ಅನುಕೂಲ.

2. ಮೊದಲು ನೀರನ್ನು ಆರಿಸಿ, ಕೋಣೆಯನ್ನು ಅನಂತರ

ಬಹುತೇಕ ಕುಟುಂಬಗಳು ಇಲ್ಲಿಯೇ ಎಡವುತ್ತವೆ. ಫೋಟೋದಲ್ಲಿ ಚೆಂದ ಕಂಡ ಮನೆಯನ್ನು ಕಾದಿರಿಸಿ, ಅಲ್ಲಿಗೆ ಹೋದ ಮೇಲೆ ಎದುರಿನ ಕಡಲಿಗೆ ಮಕ್ಕಳನ್ನು ಇಳಿಸುವಂತಿಲ್ಲವೆಂದು ತಿಳಿಯುತ್ತದೆ. ಕಡಲತೀರಗಳೆಲ್ಲ ಒಂದೇ ಸ್ವಭಾವದವಲ್ಲ.

ಮೊದಲ ಬಾರಿ ಹೋಗುವವರಿಗೆ ನಾನು ಹೇಳುವುದು ಎರಡೇ ಹೆಸರು: ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಉತ್ತರ ಕನ್ನಡದ ಹೊನ್ನಾವರದ ಬಳಿಯ ಕಾಸರಕೋಡು. ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಬ್ಲೂ ಫ್ಲ್ಯಾಗ್ ಎಂದರೆ ನೀರಿನ ಶುದ್ಧತೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಮೊದಲಾದ ಅಂಶಗಳನ್ನು ಪರೀಕ್ಷಿಸಿ ಡೆನ್ಮಾರ್ಕ್ ಮೂಲದ ಸಂಸ್ಥೆಯೊಂದು ಕೊಡುವ ಗುರುತು. ಈ ಎರಡೂ ತೀರಗಳು ಹಳ್ಳಿಗಳಿಗೆ ಅಂಟಿಕೊಂಡೇ ಇವೆ. ಕಾಸರಕೋಡಿನ ಬಳಿ ಶರಾವತಿಯ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಗಳ ನಡಿಗೆದಾರಿಯಿದೆ. ಕಾಂಡ್ಲಾ ಎಂದರೆ ಉಪ್ಪುನೀರಿನಲ್ಲಿ ಬೇರೂರಿ ನಿಲ್ಲುವ ಗಿಡಗಳು. ಕೆಸರಿನಿಂದ ಇಣುಕುವ ಏಡಿಗಳನ್ನು ಎಣಿಸುತ್ತ ಮಕ್ಕಳು ಅಲ್ಲಿ ಒಂದು ಗಂಟೆ ಸದ್ದಿಲ್ಲದೆ ಕಳೆಯುತ್ತಾರೆ.

ಹೆಚ್ಚು ನಿರ್ಜನವಾದ ಹಳ್ಳಿ ಬೇಕೆನ್ನುವವರಿಗೆ ಉಡುಪಿ ಸುತ್ತಲಿನ ಮಟ್ಟು, ಪಡುಕೆರೆ, ಕೋಡಿ ಬೆಂಗ್ರೆಗಳಿವೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ತೆಂಗಿನ ತೋಟ ಮತ್ತು ಮೀನುಗಾರರ ಮನೆಗಳಿರುವ ಕಿರಿದಾದ ನೆಲದ ಪಟ್ಟಿಗಳು ಇವು. ಮಂಡ್ಯದ ಗದ್ದೆ ಬಯಲು ನೋಡಿ ಬೆಳೆದ ಮಕ್ಕಳಿಗೆ ಈ ಭೂಮಿಯ ಆಕಾರವೇ ಅಚ್ಚರಿ. ಆದರೆ ಇಂಥ ಕಡೆ ಜೀವರಕ್ಷಕರು ಇರುತ್ತಾರೆಂದು ಎಣಿಸಬೇಡಿ. ಕೋಡಿ ಬೆಂಗ್ರೆಯಂಥ ಊರಿನ ತುದಿಯಲ್ಲಿ ಅಳಿವೆಯಿರುತ್ತದೆ. ಅಳಿವೆಯೆಂದರೆ ಹೊಳೆ ಕಡಲನ್ನು ಸೇರುವ ಬಾಯಿ. ಅಲ್ಲಿ ನೀರು ಮೇಲೆ ಶಾಂತವಾಗಿ ಕಾಣುತ್ತದೆ, ಕೆಳಗೆ ಉಬ್ಬರ ಇಳಿತಗಳಿಗೆ ತಕ್ಕಂತೆ ಬಲವಾಗಿ ಎಳೆಯುತ್ತದೆ, ಮರಳಿನ ತಳ ದಿನದಿನಕ್ಕೂ ಬದಲಾಗುತ್ತದೆ. ಅಳಿವೆಯನ್ನು ದೂರದಿಂದ ನೋಡಿ, ಇಳಿಯಬೇಡಿ.

ಮರವಂತೆ ನೋಡಲೇಬೇಕಾದ ಸ್ಥಳ. ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಸಮುದ್ರ. ಕಡಲ ಕೊರೆತ ತಡೆಯಲು ಹಾಕಿದ ಬಂಡೆಗಳು ಮತ್ತು ಎದುರಿನ ಹೆದ್ದಾರಿಯ ವಾಹನಗಳಿಂದಾಗಿ ಮಕ್ಕಳ ಆಟಕ್ಕೆ ಅದು ಹೊಂದುವುದಿಲ್ಲ. ಗೋಕರ್ಣದ ಕುಡ್ಲೆ, ಓಂ ತೀರಗಳು ಯುವಕರ ಗುಂಪುಗಳಿಗೆ ಒಗ್ಗಿಕೊಂಡಿವೆ. ಮಕ್ಕಳು ದೊಡ್ಡವರಾದ ಮೇಲೆ ಹೋಗಬಹುದು.

ನಕ್ಷೆಯಲ್ಲಿ ನೋಡಿದರೆ ಮೈಸೂರಿಗೆ ಅತಿ ಸಮೀಪದ ಕಡಲು ಕೇರಳದ ಕಣ್ಣೂರು, ತಲಶ್ಶೇರಿ ಕಡೆಯದು. ಅಲ್ಲಿಗೇಕೆ ಹೋಗಬಾರದೆಂದು ಕೆಲವರು ಕೇಳುತ್ತಾರೆ. ಧಾರಾಳವಾಗಿ ಹೋಗಬಹುದು. ಆದರೆ ರಾತ್ರಿ ಮಗುವಿಗೆ ಜ್ವರ ಬಂದಾಗ ವೈದ್ಯರೊಡನೆ, ಕಡಲ ಸ್ಥಿತಿ ತಿಳಿಯಬೇಕಾದಾಗ ಮೀನುಗಾರರೊಡನೆ ನಮ್ಮ ಭಾಷೆಯಲ್ಲೇ ಮಾತನಾಡುವ ಅನುಕೂಲವನ್ನು ಮೊದಲ ಪ್ರವಾಸದಲ್ಲಿ ಬಿಟ್ಟುಕೊಡಬೇಡಿ ಎಂಬುದು ನನ್ನ ಅಭಿಪ್ರಾಯ.

3. ಉಳಿಯುವ ಮನೆಯನ್ನು ಕಾದಿರಿಸಿ

ಹೋಂಸ್ಟೇ ಆಗಲಿ, ಸಣ್ಣ ರೆಸಾರ್ಟ್ ಆಗಲಿ, ಮುಂಗಡ ಕೊಡುವ ಮೊದಲು ಮಾಲೀಕರಿಗೆ ಫೋನ್ ಮಾಡಿ ಕೆಲವು ವಿಷಯಗಳನ್ನು ನೇರವಾಗಿ ಕೇಳಿ. ಮನೆಗೂ ಕಡಲಿಗೂ ನಡುವೆ ರಾಷ್ಟ್ರೀಯ ಹೆದ್ದಾರಿ 66 ಬರುತ್ತದೆಯೇ? ಬಂದರೆ ದಿನಕ್ಕೆ ನಾಲ್ಕು ಬಾರಿ ಮಕ್ಕಳ ಕೈ ಹಿಡಿದು ಲಾರಿಗಳ ನಡುವೆ ದಾಟಬೇಕಾಗುತ್ತದೆ. ಅಂಗಳದಲ್ಲಿ ತೆರೆದ ಬಾವಿ ಇದೆಯೇ, ಅದರ ಕಟ್ಟೆ ಎಷ್ಟು ಎತ್ತರ, ಮೇಲೆ ಬಲೆ ಹಾಕಿದೆಯೇ? ಕರಾವಳಿಯ ಬಹಳಷ್ಟು ಮನೆಗಳ ಅಂಗಳದಲ್ಲೇ ಬಾವಿ ಇರುತ್ತದೆ, ಪೇಟೆಯ ಮಕ್ಕಳಿಗೆ ಅದರ ಅಭ್ಯಾಸವಿರುವುದಿಲ್ಲ. ಎದುರಿಗಿರುವುದು ಕಡಲೋ ಹೊಳೆಯೋ? ಜಾಹೀರಾತುಗಳಲ್ಲಿ ಎರಡನ್ನೂ ‘ನೀರಿನಂಚು’ ಎಂದೇ ಬರೆಯುತ್ತಾರೆ. ಕರೆಂಟು ಹೋದರೆ ಫ್ಯಾನಿಗೆ ಇನ್ವರ್ಟರ್ ಇದೆಯೇ, ಸೊಳ್ಳೆಪರದೆ ಇದೆಯೇ, ಹಾಲು ಕಾಯಿಸಲು ಅಡುಗೆಮನೆ ಬಳಸಬಹುದೇ ಎಂಬುದನ್ನೂ ಕೇಳಿಕೊಳ್ಳಿ.

ಒಂದು ಎಚ್ಚರಿಕೆ: ಬೇರೆಯವರ ಮನೆಯ ಫೋಟೋಗಳನ್ನು ಹಾಕಿ, ಪೂರ್ತಿ ಹಣ ಯುಪಿಐ ಮೂಲಕ ಕಳಿಸಿಕೊಂಡು ಮಾಯವಾಗುವ ಮೋಸ ರಜಾ ಕಾಲದಲ್ಲಿ ನಡೆಯುತ್ತದೆ. ವಿಡಿಯೊ ಕರೆಯಲ್ಲಿ ಮನೆ ಮತ್ತು ದಡಕ್ಕೆ ಹೋಗುವ ದಾರಿಯನ್ನು ತೋರಿಸಲು ಹೇಳಿ. ತೋರಿಸಲು ಒಪ್ಪದವರಿಗೆ ಹಣ ಕಳಿಸಬೇಡಿ. ಉಳಿದವರಿಗೂ ಒಂದು ಭಾಗ ಮಾತ್ರ ಮುಂಗಡ ಕೊಟ್ಟರೆ ಸಾಕು.

4. ಪ್ರಯಾಣವನ್ನು ಮಕ್ಕಳ ಹೊಟ್ಟೆಗೆ ತಕ್ಕಂತೆ ಯೋಜಿಸಿ

ಕಾರಿನಲ್ಲಿ ಹೋಗುವವರಿಗೆ ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಮೂಲಕ ಮಂಗಳೂರು ಸುಮಾರು 250 ಕಿಲೋಮೀಟರ್. ಮಂಡ್ಯದವರು ಮೈಸೂರಿಗೆ ಬಂದು ಇದೇ ದಾರಿ ಹಿಡಿಯಬಹುದು, ಇಲ್ಲವೇ ನಾಗಮಂಗಲದ ಮೇಲೆ ಬೆಳ್ಳೂರು ಕ್ರಾಸ್‌ಗೆ ಹೋಗಿ ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಹೆದ್ದಾರಿ ಸೇರಬಹುದು. ಮಂಗಳೂರಿನಿಂದ ಪಡುಬಿದ್ರಿ ಉತ್ತರಕ್ಕೆ ಒಂದು ಗಂಟೆಯೊಳಗಿನ ದಾರಿ. ಕಾಸರಕೋಡು ಯಾವ ದಾರಿಯಲ್ಲಿ ಹೋದರೂ 400 ಕಿಲೋಮೀಟರ್ ಆಸುಪಾಸಿನದು. ಐದು ವರ್ಷದೊಳಗಿನ ಮಕ್ಕಳಿದ್ದರೆ ಅದನ್ನು ಒಂದೇ ದಿನದಲ್ಲಿ ಕಾರಿನಲ್ಲಿ ಮುಗಿಸುವ ಸಾಹಸ ಬೇಡ.

ನಕ್ಷೆ ಆರು ಗಂಟೆ ತೋರಿಸಿದರೆ ನೀವು ಎಂಟು ಗಂಟೆ ಇಟ್ಟುಕೊಳ್ಳಿ. ಬೆಳಗ್ಗೆ ಐದಕ್ಕೆ ಹೊರಟರೆ ಮಕ್ಕಳು ಕುಶಾಲನಗರದವರೆಗೆ ನಿದ್ದೆ ಮಾಡುತ್ತಾರೆ. ಘಾಟಿಯ ತಿರುವುಗಳಲ್ಲಿ ವಾಂತಿಯಾಗುವ ಮಗುವಿಗೆ ಮಸಾಲೆ ದೋಸೆ, ಹಾಲು ಕೊಟ್ಟು ಹೊರಡಿಸಬೇಡಿ. ಎರಡು ಇಡ್ಲಿ ಸಾಕು, ಮಡಿಕೇರಿಯಲ್ಲಿ ಅರ್ಧ ಗಂಟೆ ನಿಂತು ಕಾಲಾಡಿಸಲಿ. ವಾಂತಿ ತಡೆಯುವ ಔಷಧಿಯನ್ನು ಮಕ್ಕಳ ವೈದ್ಯರಿಂದ, ಮಗುವಿನ ತೂಕಕ್ಕೆ ತಕ್ಕ ಪ್ರಮಾಣ ಬರೆಸಿಕೊಂಡು, ಹಿಂದಿನ ವಾರವೇ ತಂದಿಡಿ. ರಾತ್ರಿ ಘಾಟಿ ಇಳಿಯಬೇಡಿ.

ನನ್ನ ಮಟ್ಟಿಗೆ ರೈಲೇ ಒಳ್ಳೆಯದು. ಬೆಂಗಳೂರಿನಿಂದ ಮಂಡ್ಯ, ಮೈಸೂರು, ಹಾಸನ, ಮಂಗಳೂರು ಮಾರ್ಗವಾಗಿ ಮುರ್ಡೇಶ್ವರಕ್ಕೆ ಹೋಗುವ ರಾತ್ರಿ ರೈಲಿದೆ. ಮಕ್ಕಳು ಮಲಗಿದ್ದಾಗಲೇ ಘಾಟಿ ಕಳೆದು, ಏಳುವ ಹೊತ್ತಿಗೆ ಕಿಟಕಿಯಾಚೆ ತೆಂಗು ಕಾಣುತ್ತದೆ. ಮುಂಗಡ ಕಾದಿರಿಸುವಿಕೆ ಪ್ರಯಾಣಕ್ಕೆ 60 ದಿನ ಮುಂಚೆ ತೆರೆಯುತ್ತದೆ, ರಜಾ ದಿನಗಳ ಟಿಕೆಟ್ ಬೇಗನೆ ಮುಗಿಯುತ್ತದೆ. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವಾದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡು ವರ್ಷದೊಳಗಿನವರಿಗೆ ಬರ್ತ್ ಬೇಕಾದರೆ ಪೂರ್ಣ ದರ. ಅಲ್ಲಿನ ನಿಲ್ದಾಣಗಳು ಊರಿನಿಂದ ಸ್ವಲ್ಪ ದೂರ ಇರುವುದರಿಂದ ಬೆಳಗಿನ ಆಟೋವನ್ನು ಮನೆಯ ಮಾಲೀಕರಿಗೆ ಹೇಳಿ ಗೊತ್ತುಮಾಡಿಕೊಳ್ಳಿ. ಬಸ್ಸಿನಲ್ಲಿ ಹೋಗುವವರು ನೆನಪಿಡಬೇಕಾದದ್ದು: ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ, ರಾಜಹಂಸ, ಐರಾವತ, ಸ್ಲೀಪರ್‌ಗಳಿಗೆ ಇಲ್ಲ.

5. ಚೀಲ ಕಟ್ಟಿ

ಕಡಿಮೆ ಒಯ್ಯಿರಿ. ತೆಳ್ಳಗಿನ ಹತ್ತಿ ಬಟ್ಟೆ ದಿನಕ್ಕೆ ಮೂರು ಜೊತೆ, ಅಗಲ ಅಂಚಿನ ಟೋಪಿ, ಹಿಂದೆ ಪಟ್ಟಿಯಿರುವ ಚಪ್ಪಲಿ, ಓಆರ್‌ಎಸ್ ಪೊಟ್ಟಣ, ಜ್ವರದ ಔಷಧಿ, ಥರ್ಮಾಮೀಟರ್, ಸಣ್ಣ ಚಿಮುಟ, ಬ್ಯಾಂಡೇಜು, ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಇದ್ದರೆ ಸಾಕು. ಎಸ್‌ಪಿಎಫ್ ಎಂದರೆ ಬಿಸಿಲಿನಿಂದ ಚರ್ಮ ಸುಡುವುದನ್ನು ತಡೆಯುವ ಶಕ್ತಿಯ ಅಳತೆ. ಅದನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆರು ತಿಂಗಳೊಳಗಿನ ಕೂಸಿಗೆ ಹಚ್ಚಬಾರದು, ನೆರಳಿನಲ್ಲೇ ಇಡಬೇಕು. ನೀರಿನ ಬಟ್ಟೆಯನ್ನು ಕೊಳ್ಳುವಾಗ ಕಿತ್ತಳೆ ಅಥವಾ ಗಾಢ ಗುಲಾಬಿ ಬಣ್ಣವನ್ನೇ ಆರಿಸಿ. ನೀಲಿ ಮತ್ತು ಬಿಳಿ ಬಟ್ಟೆ ತೊಟ್ಟ ಮಗು ನೊರೆಯ ನಡುವೆ ಕಣ್ಣಿಗೆ ಬೀಳುವುದಿಲ್ಲ. ಗಾಳಿ ತುಂಬುವ ಟ್ಯೂಬು, ಬಾತುಕೋಳಿಗಳನ್ನು ಮನೆಯಲ್ಲೇ ಬಿಟ್ಟುಹೋಗಿ. ಭೂಮಿಯ ಕಡೆಯಿಂದ ಗಾಳಿ ಬೀಸಿದರೆ ಅವು ಮಗುವಿನ ಸಮೇತ ಕಡಲ ಕಡೆಗೆ ಸಾಗುತ್ತವೆ.

6. ದಡದ ನಿಯಮಗಳನ್ನು ಮೊದಲ ದಿನವೇ ಹೇಳಿಕೊಡಿ

ಈ ಹಂತವನ್ನು ದಯವಿಟ್ಟು ಎರಡು ಸಲ ಓದಿ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳಿಗೆ ಸಿಕ್ಕಿ ತೀರಿಕೊಂಡರು. ಬಯಲುಸೀಮೆಯಿಂದ ಹೋಗುವ ನಮಗೆ ಕಡಲಿನ ಪರಿಚಯ ಕಡಿಮೆ. ಅದಕ್ಕಿಂತ ಅಪಾಯಕಾರಿಯಾದದ್ದು ಕಾವೇರಿಯಲ್ಲಿ, ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜಿ ಬೆಳೆದ ಹಿರಿಯರ ಆತ್ಮವಿಶ್ವಾಸ. ನಾಲೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ಕೈಚಾಚಿದರೆ ದಂಡೆ ಸಿಗುತ್ತದೆ. ಕಡಲಿನಲ್ಲಿ ಮುಂದಿನಿಂದ ಅಲೆ ತಳ್ಳುತ್ತದೆ, ಕೆಳಗಿನಿಂದ ನೀರು ಹಿಂದಕ್ಕೆ ಎಳೆಯುತ್ತದೆ, ಕಾಲಡಿಯ ಮರಳು ಜಾರುತ್ತದೆ.

ಸೆಳವನ್ನು ಗುರುತಿಸಲು ಕಲಿಯಿರಿ. ದಡಕ್ಕೆ ಬಂದು ಸೇರಿದ ಅಲೆಗಳ ನೀರು ಒಂದು ಕಿರಿದಾದ ದಾರಿ ಹಿಡಿದು ರಭಸದಿಂದ ಕಡಲಿಗೆ ಹಿಂದಿರುಗುವುದೇ ಸೆಳವು. ಎರಡೂ ಪಕ್ಕ ಅಲೆ ಒಡೆಯುತ್ತಿದ್ದು, ನಡುವೆ ಮಾತ್ರ ಅಲೆಯಿಲ್ಲದ, ಗಾಢ ಬಣ್ಣದ, ನೊರೆ ಅಥವಾ ಕಸ ಹೊರಮುಖವಾಗಿ ಸಾಗುತ್ತಿರುವ ಪಟ್ಟಿ ಕಂಡರೆ ಅದೇ ಸೆಳವಿನ ದಾರಿ. ಶಾಂತವಾಗಿದೆಯೆಂದು ಮಕ್ಕಳನ್ನು ನಾವು ಕರೆದೊಯ್ಯುವುದು ಸಾಮಾನ್ಯವಾಗಿ ಅಲ್ಲಿಗೇ. ಅದರಲ್ಲಿ ಸಿಕ್ಕಿಕೊಂಡವರು ದಡದ ಕಡೆಗೆ ಎದುರೀಜಬಾರದು; ತೇಲುತ್ತ ಉಸಿರು ಉಳಿಸಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ಅವರನ್ನು ಹಿಡಿಯಲು ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ನುಗ್ಗುವುದರಿಂದ ಸಾವು ಹೆಚ್ಚುತ್ತದೆ. ತೇಲುವ ವಸ್ತು, ಹಗ್ಗ, ಖಾಲಿ ಕ್ಯಾನು ಏನಿದ್ದರೂ ಎಸೆಯಿರಿ, ಮೀನುಗಾರರನ್ನು ಕೂಗಿ ಕರೆಯಿರಿ.

ಉಳಿದ ನಿಯಮಗಳು ಸರಳ. ಮಕ್ಕಳ ಮೊಣಕಾಲಿಗಿಂತ ಆಳದ ನೀರು ಬೇಡ. ನೀರಿನಲ್ಲಿರುವ ಪ್ರತಿ ಮಗುವಿಗೂ ಕೈಗೆಟಕುವ ದೂರದಲ್ಲಿ ಒಬ್ಬ ಹಿರಿಯರು, ಫೋನ್ ಇಲ್ಲದೆ, ನಿಂತಿರಬೇಕು. ‘ಎಲ್ಲರೂ ನೋಡುತ್ತಿದ್ದೇವೆ’ ಎಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ, ಆದ್ದರಿಂದ ಯಾವ ಮಗು ಯಾರ ಹೊಣೆ ಎಂಬುದನ್ನು ಹೆಸರು ಹೇಳಿ ಹಂಚಿಕೊಳ್ಳಿ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯಬಾರದು. ಕೆಂಪು ಹಳದಿ ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಣ್ಗಾವಲಿನದು. ಕಡಲಿಗೆ ಬೆನ್ನು ಹಾಕಿ ಫೋಟೋಕ್ಕೆ ನಿಲ್ಲಬೇಡಿ. ಮರಳಿನಲ್ಲಿ ಆಳವಾದ ಗುಂಡಿ ತೋಡಿ ಮಕ್ಕಳನ್ನು ಅದರೊಳಗೆ ಕೂರಿಸಬೇಡಿ. ಅಂಚು ಕುಸಿದರೆ ಒದ್ದೆ ಮರಳಿನ ಭಾರವನ್ನು ಮಗು ತಡೆಯಲಾರದು.

7. ದಿನವನ್ನು ಖಾಲಿ ಬಿಡಿ

ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಸೂರ್ಯ ಮುಳುಗುವವರೆಗೆ ದಡ. ನಡುವಿನ ಹೊತ್ತು ಊಟ, ನಿದ್ದೆ, ಜಗಲಿಯ ಆಟ. ಇದಕ್ಕಿಂತ ಹೆಚ್ಚಿನ ಕಾರ್ಯಕ್ರಮ ಬೇಡ. ಬೆಳಗ್ಗೆ ಕೈರಂಪಣಿ ಎಳೆಯುವುದು ಕಂಡರೆ ನಿಲ್ಲಿ. ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರವಾಗಿ ಹರಡಿದ ಬಲೆಯನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುವ ಹಳೆಯ ಪದ್ಧತಿ ಅದು. ಕೇಳಿದರೆ ಹಗ್ಗಕ್ಕೆ ಮಕ್ಕಳ ಕೈಯನ್ನೂ ಸೇರಿಸಿಕೊಳ್ಳುವವರಿದ್ದಾರೆ. ಕೇಳದೆ ಬಲೆ ಮುಟ್ಟಬೇಡಿ, ದೋಣಿ ಹತ್ತಬೇಡಿ, ಅದು ಅವರ ದುಡಿಮೆಯ ಜಾಗ. ಚಳಿಗಾಲದಲ್ಲಿ ಹತ್ತಿರದಲ್ಲೆಲ್ಲಾದರೂ ಯಕ್ಷಗಾನದ ಬಯಲಾಟವಿದ್ದರೆ ರಾತ್ರಿ ಒಂದು ಗಂಟೆ ಕೂತು ಬನ್ನಿ. ಹಿನ್ನೀರಿನ ದೋಣಿ ವಿಹಾರಕ್ಕೆ ಹೋಗುವಿರಾದರೆ ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೊಟ್ಟ ಮೇಲೆಯೇ ಹತ್ತಿ. ದೊಡ್ಡವರ ಜಾಕೆಟ್ ನೀರಿಗೆ ಬಿದ್ದೊಡನೆ ಮಗುವಿನ ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ.

8. ಊಟ

ಅಲ್ಲಿ ಬರಿದೆ ‘ಊಟ’ ಎಂದರೆ ಕುಚ್ಚಲಕ್ಕಿ ಅನ್ನ, ಅಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ದಪ್ಪ ಅಕ್ಕಿಯ ಅನ್ನ, ಬರಬಹುದು. ನಮ್ಮ ಮಕ್ಕಳು ಅದನ್ನು ಒಲ್ಲೆನೆಂದರೆ ‘ಬೆಳ್ತಿಗೆ’ ಅನ್ನ ಕೇಳಿ. ನಮ್ಮ ಬಿಳಿ ಅನ್ನಕ್ಕೆ ಅಲ್ಲಿನ ಹೆಸರು ಅದು. ನೀರುದೋಸೆಯನ್ನು ಯಾವ ಮಗುವೂ ಬೇಡವೆಂದದ್ದನ್ನು ನಾನು ಕಂಡಿಲ್ಲ. ಮೀನು ಕೊಡುವವರು ಅಂಜಲ್‌ನಿಂದ ಆರಂಭಿಸಿ, ಅದಕ್ಕೆ ಮುಳ್ಳು ಕಡಿಮೆ. ಬೂತಾಯಿಯ ಸಣ್ಣ ಮುಳ್ಳುಗಳನ್ನು ಹಿರಿಯರೇ ಬಿಡಿಸಿ ಕೊಡಬೇಕು. ಸಸ್ಯಾಹಾರಿಗಳು ಮೀನೂಟದ ಹಳ್ಳಿಗಳಲ್ಲಿ ಹೋಟೆಲನ್ನು ನಂಬದೆ ಉಳಿದುಕೊಂಡ ಮನೆಯಲ್ಲೇ ಅಡುಗೆ ಹೇಳಿಕೊಳ್ಳುವುದು ಲೇಸು. ಉಡುಪಿ ಕಡೆಯಾದರೆ ಮಟ್ಟುಗುಳ್ಳದ, ಅಂದರೆ ಮಟ್ಟುವಿನ ಬದನೆಯ, ಸಾಂಬಾರು ಕೇಳಿ ಮಾಡಿಸಿಕೊಳ್ಳಿ. ನಮ್ಮ ಈರನಗೆರೆ ಬದನೆಯ ಅಭಿಮಾನಿಗಳೂ ತಲೆದೂಗುತ್ತಾರೆ.

9. ಮೈ ಹುಷಾರಿಲ್ಲದಾಗ

ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108. ಹೋದ ದಿನವೇ ಹತ್ತಿರದ ಮಕ್ಕಳ ವೈದ್ಯರು ಯಾರು, ರಾತ್ರಿ ತೆರೆದಿರುವ ಆಸ್ಪತ್ರೆ ಎಲ್ಲಿದೆ ಎಂಬುದನ್ನು ಮನೆಯವರಿಂದ ಕೇಳಿ ಬರೆದಿಟ್ಟುಕೊಳ್ಳಿ. ಪಡುಬಿದ್ರಿಗೆ ಮಣಿಪಾಲ, ಮಂಗಳೂರುಗಳ ದೊಡ್ಡ ಆಸ್ಪತ್ರೆಗಳು ಹತ್ತಿರ. ಹೊನ್ನಾವರದ ಕಡೆಯಿಂದ ಅವು ದೂರ. ಆಸ್ತಮಾ, ಫಿಟ್ಸ್ ಇರುವ ಮಕ್ಕಳ ತಂದೆತಾಯಿಯರು ಊರು ಆರಿಸುವಾಗಲೇ ಇದನ್ನು ಗಣಿಸಬೇಕು.

ಜೆಲ್ಲಿ ಮೀನು ಕುಟುಕಿದರೆ ಉಜ್ಜಬೇಡಿ, ಸಿಹಿನೀರಿನಿಂದ ತೊಳೆಯಬೇಡಿ. ಕಡಲ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮುಟದಿಂದ ತೆಗೆದು, ಮಗು ತಡೆಯುವಷ್ಟು ಬಿಸಿಯ ನೀರಿನಲ್ಲಿ ಆ ಭಾಗವನ್ನು ಇಪ್ಪತ್ತು ನಿಮಿಷ ಇಡಿ. ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ನೀರಿನಲ್ಲಿ ಉಸಿರುಗಟ್ಟಿ ಕೆಮ್ಮುತ್ತ ಹೊರಬಂದ ಮಗು ಚೇತರಿಸಿಕೊಂಡಂತೆ ಕಂಡರೂ ಕೆಮ್ಮು, ಏದುಸಿರು, ಮಂಪರು ಉಳಿದಿದ್ದರೆ ಅಂದೇ ವೈದ್ಯರಿಗೆ ತೋರಿಸಿ.

10. ಹಿಂದಿರುಗುವ ದಿನ

ಹೊರಡುವ ದಿನ ಬೆಳಗ್ಗೆ ‘ಇನ್ನೊಂದೇ ಸಲ’ ಎಂದು ನೀರಿಗಿಳಿಯಲು ಬಿಡಬೇಡಿ. ಗಡಿಬಿಡಿಯಲ್ಲಿ ಕಣ್ಗಾವಲು ತಪ್ಪುತ್ತದೆ, ಒದ್ದೆ ಬಟ್ಟೆ, ಮರಳು ಎಲ್ಲವೂ ನಿಮ್ಮೊಡನೆ ಘಾಟಿ ಹತ್ತುತ್ತವೆ. ಕೊನೆಯ ಕಡಲಾಟ ಹಿಂದಿನ ಸಂಜೆಗೇ ಮುಗಿಯಲಿ. ಆರಿಸಿದ ಚಿಪ್ಪುಗಳೊಳಗೆ ಜೀವವಿದೆಯೇ ನೋಡಿ, ಇದ್ದರೆ ಅಲ್ಲೇ ಬಿಟ್ಟುಬನ್ನಿ. ಅಂಥವನ್ನು ತಂದರೆ ಹುಣಸೂರು ತಲುಪುವಷ್ಟರಲ್ಲಿ ಕಾರು ನಾರತೊಡಗುತ್ತದೆ. ಮನೆಗೆ ಬಂದ ಮರುದಿನ ಕಾರಿನ ತಳವನ್ನು ಸಿಹಿನೀರಿನಿಂದ ತೊಳೆಸಿ, ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಆ ಮರುದಿನ ಮಕ್ಕಳಿಗೆ ಶಾಲೆ ಇಲ್ಲದಂತೆ ಮೊದಲೇ ನೋಡಿಕೊಂಡಿರಿ.